ಕ್ಲೋಯಿಯ ಗಿಟಾರು: ಅಮೆರಿಕದ ಕ್ರೈಸ್ತ ಕಾದಂಬರಿಯಲ್ಲಿ ರಾಕ್ ತಂಡದ ಹುಡುಗಿಯರು

ಮೂವರು ಶಾಲಾ ಹುಡುಗಿಯರು ಕಟ್ಟಿದ ರಾಕ್ ತಂಡವೊಂದು ತನ್ನ ಊರಿನ ವೇದಿಕೆಯಿಂದ ಹೊರಟು ಹೆಚ್ಚು ಮಾರಾಟವಾಗುವ ಗೀತೆಗಳ ಪಟ್ಟಿಯವರೆಗೆ ಏರುವ ಕಥೆಯನ್ನು ಅಮೆರಿಕದ ಇವ್ಯಾಂಜೆಲಿಕಲ್ ಪ್ರಕಾಶನ ಸಂಸ್ಥೆಯೊಂದು ಭಕ್ತಿಯನ್ನು ಬೆಳೆಸುವ ಓದೆಂದು ಅಚ್ಚು ಹಾಕಿತೆಂಬುದು, ಆ ಸಮುದಾಯ ರಾಕ್ ಸಂಗೀತದೊಡನೆ ದಶಕಗಳ ಕಾಲ ನಡೆಸಿದ ಜಗಳವನ್ನು ಬಲ್ಲವರಿಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಬೈಬಲ್ಲಿನ ಪರಮಾಧಿಕಾರ, ಪ್ರತಿಯೊಬ್ಬರೂ ತಾವೇ ಅನುಭವಿಸಬೇಕಾದ ಮನಃಪರಿವರ್ತನೆ, ಆ ಅನುಭವವನ್ನು ಇತರರಿಗೆ ಸಾರುವ ಹೊಣೆ ಇವನ್ನು ನಂಬಿಕೆಯ ನಡುವಿಗಿಟ್ಟುಕೊಂಡ ಪ್ರಾಟೆಸ್ಟಂಟ್ ಕ್ರೈಸ್ತರನ್ನು ಇವ್ಯಾಂಜೆಲಿಕಲ್ ಎಂದು ಕರೆಯಲಾಗುತ್ತದೆ. ಆರೆಗನ್ ರಾಜ್ಯದ ಲೇಖಕಿ ಮೆಲೊಡಿ ಕಾರ್ಲ್‌ಸನ್ ಅವರು 'ಡೈರಿ ಆಫ್ ಎ ಟೀನೇಜ್ ಗರ್ಲ್' ಎಂಬ ಮಾಲಿಕೆಯ ಎರಡನೆಯ ಘಟ್ಟವಾಗಿ 2003 ಮತ್ತು 2004ರಲ್ಲಿ ಪ್ರಕಟಿಸಿದ 'ಮೈ ನೇಮ್ ಈಸ್ ಕ್ಲೋಯಿ', 'ಸೋಲ್ಡ್ ಔಟ್', 'ರೋಡ್ ಟ್ರಿಪ್', 'ಫೇಸ್ ದಿ ಮ್ಯೂಸಿಕ್' ಎಂಬ ನಾಲ್ಕು ಕಾದಂಬರಿಗಳು ಈ ಬಗೆಯ ಬರವಣಿಗೆಯ ಸ್ಪಷ್ಟ ಮಾದರಿಗಳು. ಹುಡುಗಿಯೊಬ್ಬಳು ವೇದಿಕೆ ಹತ್ತಿ, ಜನ ತನ್ನನ್ನು ಕೇಳಬೇಕೆಂದು ಬಯಸುವುದನ್ನು ಈ ಸಾಹಿತ್ಯಪ್ರಕಾರ ಎಷ್ಟರ ಮಟ್ಟಿಗೆ ಒಪ್ಪುತ್ತದೆ, ಒಪ್ಪುವಾಗ ಅವಳಿಂದ ಪ್ರತಿಯಾಗಿ ಏನನ್ನು ಕೇಳುತ್ತದೆ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವವರು ಪುಸ್ತಕಗಳ ಜೊತೆಗೆ ಅವುಗಳ ಸುತ್ತ ಬೆಳೆದ ಸಂಗೀತೋದ್ಯಮವನ್ನೂ, ಪುಸ್ತಕ ವ್ಯಾಪಾರವನ್ನೂ ನೋಡಬೇಕಾಗುತ್ತದೆ.

ಕ್ರೈಸ್ತ ರಾಕ್ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು 1969ರಲ್ಲಿ ಲ್ಯಾರಿ ನಾರ್ಮನ್ ಎಂಬ ಗಾಯಕ ಕ್ಯಾಪಿಟಲ್ ಸಂಸ್ಥೆಯ ಮೂಲಕ ಹೊರತಂದ 'ಅಪಾನ್ ದಿಸ್ ರಾಕ್' ಧ್ವನಿಮುದ್ರಿಕೆಯಿಂದ ಆರಂಭಿಸುತ್ತಾರೆ. ಉದ್ದಗೂದಲಿನ ಗಂಡಸೊಬ್ಬನಿಂದ ಆರಂಭವಾಗುವ ಈ ವಂಶಾವಳಿ ಅನುಕೂಲದ್ದು ಹೌದು, ಪೂರ್ಣವಾದದ್ದಲ್ಲ. 1915ರಲ್ಲಿ ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿ, ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಕಪ್ಪುಜನರ ಪೆಂಟೆಕೋಸ್ಟಲ್ ಸಭೆಯಲ್ಲಿ ಸುವಾರ್ತೆ ಸಾರುತ್ತಿದ್ದ ತಾಯಿಯ ಜೊತೆ ಎಳೆತನದಿಂದಲೇ ಹಾಡುತ್ತಾ ಬೆಳೆದ ಸಿಸ್ಟರ್ ರೊಸೆಟ್ಟಾ ತಾರ್ಪ್, ರಾಕ್ ಎಂಬ ಹೆಸರೇ ರೂಢಿಗೆ ಬರುವ ಮುಂಚೆ ವಿದ್ಯುತ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಗಾಸ್ಪೆಲ್ ಗೀತೆಗಳನ್ನು, ಅಂದರೆ ಕಪ್ಪು ಅಮೆರಿಕನ್ ಸಭೆಗಳ ಭಕ್ತಿಗೀತೆಗಳನ್ನು, ನೃತ್ಯಶಾಲೆಗಳ ಲಯಕ್ಕೆ ಹೊಂದಿಸಿ ನುಡಿಸುತ್ತಿದ್ದರು. 1938ರಲ್ಲಿ ಅವರು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಹಾಡಿದಾಗ, ದೇವರ ಹಾಡನ್ನು ಮದ್ಯದ ಮೇಜುಗಳ ನಡುವೆ ಹಾಡಬಹುದೇ ಎಂದು ಸಭೆಯ ಹಿರಿಯರಲ್ಲಿ ಹಲವರು ಮುನಿಸಿಕೊಂಡರು. 1944ರಲ್ಲಿ ಧ್ವನಿಮುದ್ರಣಗೊಂಡ ಅವರ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಮರುವರ್ಷ ಕಪ್ಪು ಶ್ರೋತೃಗಳ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಲಿಟಲ್ ರಿಚರ್ಡ್, ಜಾನಿ ಕ್ಯಾಶ್ ಮೊದಲಾದವರು ಅವರ ಋಣವನ್ನು ಒಪ್ಪಿಕೊಂಡಿದ್ದಾರೆ. ಆದರೂ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು 2018ರಲ್ಲಿ, ಅವರು ತೀರಿಕೊಂಡು 45 ವರ್ಷಗಳಾದ ಮೇಲೆ. ರಾಕ್ ಸಂಗೀತದ ಬೇರುಗಳಲ್ಲೊಂದು ಚರ್ಚಿನ ಹೆಣ್ಣುಮಗಳ ಕೈಯ ಗಿಟಾರಿನಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಭಕ್ತಿಯ ಹುಡುಗಿ ರಾಕ್ ನುಡಿಸಬಹುದೇ ಎಂದು ಮುಂದಿನ ತಲೆಮಾರು ಅಷ್ಟೊಂದು ಗಾಬರಿಯಿಂದ ಕೇಳಿದ್ದು ಮರೆವಿನ ಫಲವೆಂದು ತಿಳಿಯುತ್ತದೆ. ಆ ಮರೆವಿನಲ್ಲಿ ಬಣ್ಣದ ಪಾಲೂ ಇತ್ತು.

ಬಿಳಿಯ ಇವ್ಯಾಂಜೆಲಿಕಲ್ ವಲಯದಲ್ಲಿ ರಾಕ್ ವಿರೋಧ 1960ರ ದಶಕದಲ್ಲಿ ಗಟ್ಟಿಯಾಯಿತು. ಡೇವಿಡ್ ನೋಬೆಲ್ ಎಂಬ ಪ್ರಚಾರಕ 1965ರಲ್ಲಿ ಬರೆದ ಕಿರುಹೊತ್ತಗೆಯೊಂದು ಬೀಟಲ್ಸ್ ಸಂಗೀತವನ್ನು ಕಮ್ಯುನಿಸ್ಟರ ಸಮ್ಮೋಹನ ತಂತ್ರವೆಂದೇ ವಾದಿಸಿತು. ಮರುವರ್ಷ ಜಾನ್ ಲೆನನ್ ತಮ್ಮ ತಂಡದ ಜನಪ್ರಿಯತೆಯನ್ನು ಯೇಸುವಿನ ಜನಪ್ರಿಯತೆಯೊಡನೆ ಹೋಲಿಸಿ ಆಡಿದ ಮಾತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸುಡುವಂತೆ ಮಾಡಿತು. ಇದೇ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿಗಳ ನಡುವೆ ಹುಟ್ಟಿದ ಜೀಸಸ್ ಪೀಪಲ್ ಚಳವಳಿಯ ತರುಣರು ತಮ್ಮ ಹಳೆಯ ಗಿಟಾರನ್ನೂ ಹೊಸ ನಂಬಿಕೆಯನ್ನೂ ಒಟ್ಟಿಗೇ ಇಟ್ಟುಕೊಂಡರು, ಮತ್ತು 1972ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಎಕ್ಸ್‌ಪ್ಲೋ ಸಮ್ಮೇಳನದಲ್ಲಿ ಬಿಲ್ಲಿ ಗ್ರಹಾಂ ಅವರಂಥ ಹಿರಿಯ ಪ್ರಸಂಗಿಯೇ ಹತ್ತಾರು ಸಾವಿರ ಯುವಜನರೆದುರು ಇಂಥ ಹಾಡುಗಾರರ ಜೊತೆ ವೇದಿಕೆ ಹಂಚಿಕೊಂಡರು. ಜಗಳ ಅಲ್ಲಿಗೆ ಮುಗಿಯಲಿಲ್ಲ. ದೂರದರ್ಶನ ಪ್ರಸಂಗಿ ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಕ್ರೈಸ್ತ ರಾಕ್ ಸಂಗೀತವನ್ನು ಕುರಿಯ ವೇಷದ ತೋಳವೆಂದು ಕರೆದು ಪುಸ್ತಕವನ್ನೇ ಬರೆದರು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ, ಹಳದಿ ಕಪ್ಪು ಪಟ್ಟೆಯ ಉಡುಪು ತೊಟ್ಟು ಸಭಿಕರತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದ ಸ್ಟ್ರೈಪರ್ ತಂಡ ದೊಡ್ಡ ಮಾರಾಟ ಕಂಡಿತ್ತು. ಲೋಕದ ರಾಗದಲ್ಲಿ ದೇವರ ಮಾತನ್ನು ಹಾಡಬಹುದೇ ಎಂಬ ಪ್ರಶ್ನೆ ಪ್ರಾಟೆಸ್ಟಂಟರಿಗೆ ಅಮೆರಿಕದಲ್ಲಿ ಮಾತ್ರ ಎದುರಾದದ್ದಲ್ಲ: ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಜೀವನವನ್ನು 'ಕಥಾಮಾಲೆ'ಯಾಗಿ ಈ ನೆಲದ ಛಂದಸ್ಸಿನಲ್ಲಿ ಕನ್ನಡಕ್ಕೆ ತಂದಾಗ ಅವರ ಮುಂದೆಯೂ ಇದರ ಒಂದು ರೂಪವಿತ್ತು, ಮತ್ತು ಕಿಟ್ಟೆಲ್ ಅದಕ್ಕೆ ಸ್ವಾಗರ್ಟ್ ಅವರಿಗಿಂತ ಬಹಳ ಉದಾರವಾಗಿ ಉತ್ತರಿಸಿದರು.

ಸಂಗೀತದ ಜಗಳ ಹೀಗೆ ಒಂದು ರಾಜಿಗೆ ಬರುತ್ತಿದ್ದ ಕಾಲದಲ್ಲೇ ಕ್ರೈಸ್ತ ಕಾದಂಬರಿ ಎಂಬ ವ್ಯಾಪಾರ ತಲೆಯೆತ್ತಿತು. 1950ರಲ್ಲಿ ಸ್ಥಾಪನೆಯಾದ ಕ್ರಿಶ್ಚಿಯನ್ ಬುಕ್‌ಸೆಲ್ಲರ್ಸ್ ಅಸೋಸಿಯೇಶನ್, ಸಂಕ್ಷೇಪವಾಗಿ ಸಿಬಿಎ, ಬೈಬಲ್, ಧ್ಯಾನಗ್ರಂಥ, ಉಡುಗೊರೆಯ ವಸ್ತುಗಳನ್ನು ಮಾರುವ ಅಂಗಡಿಗಳ ಸಂಘವಾಗಿತ್ತು. 1979ರಲ್ಲಿ ಜ್ಯಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' ಮತ್ತು 1986ರಲ್ಲಿ ಫ್ರ್ಯಾಂಕ್ ಪೆರೆಟ್ಟಿ ಅವರ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್' ಕಂಡ ಮಾರಾಟ, ಈ ಅಂಗಡಿಗಳ ಗಿರಾಕಿಗಳು ಕಥೆಗೂ ಹಸಿದಿದ್ದಾರೆಂದು ಪ್ರಕಾಶಕರಿಗೆ ಮನವರಿಕೆ ಮಾಡಿಕೊಟ್ಟಿತು. 1988ರಲ್ಲಿ ರಾಬಿನ್ ಜೋನ್ಸ್ ಗನ್ ಅವರ 'ಸಮರ್ ಪ್ರಾಮಿಸ್' ಕಾದಂಬರಿಯೊಡನೆ ಆರಂಭವಾದ ಕ್ರಿಸ್ಟಿ ಮಿಲ್ಲರ್ ಮಾಲಿಕೆ ಹದಿಹರೆಯದ ಹುಡುಗಿಯರನ್ನು ಪ್ರತ್ಯೇಕ ಓದುಗ ವರ್ಗವಾಗಿ ಗುರುತಿಸಿತು. ಈ ಅಂಗಡಿಗಳಲ್ಲಿ ಹುಡುಗಿ ಓದುವ ಪುಸ್ತಕವನ್ನು ಬಹುಮಟ್ಟಿಗೆ ಕೊಳ್ಳುತ್ತಿದ್ದವರು ತಾಯಿ, ಅಜ್ಜಿ, ಸಭೆಯ ಯುವಜನರ ಮೇಲ್ವಿಚಾರಕರು ಎಂಬುದು ಬರವಣಿಗೆಯ ಎಲ್ಲೆಗಳನ್ನು ನಿಗದಿ ಮಾಡಿತು. ಬೈಗುಳ ಕೂಡದು, ದೇಹಸಂಬಂಧದ ವಿವರ ಕೂಡದು, ನಾಯಕಿ ಎಷ್ಟೇ ದೂರ ಹೋದರೂ ಕೊನೆಗೆ ನಂಬಿಕೆಯ ಆವರಣದೊಳಗೇ ಇರಬೇಕು ಎಂಬ ನಿಯಮಗಳು ಬರೆದಿಟ್ಟರೂ ಬರೆಯದಿದ್ದರೂ ಎಲ್ಲರಿಗೂ ಗೊತ್ತಿದ್ದವು. ಈ ಲೋಕ ಹದಿಹರೆಯದ ಜನಪ್ರಿಯ ರೂಪಗಳನ್ನು ಎಷ್ಟು ಚುರುಕಾಗಿ ಎರವಲು ಪಡೆಯುತ್ತಿತ್ತೆಂದರೆ, 2003ರಲ್ಲಿ ಥಾಮಸ್ ನೆಲ್ಸನ್ ಸಂಸ್ಥೆ ಹೊಸ ಒಡಂಬಡಿಕೆಯನ್ನೇ ಫ್ಯಾಶನ್ ಪತ್ರಿಕೆಯ ರೂಪದಲ್ಲಿ, ಸೌಂದರ್ಯ ಸಲಹೆಗಳ ಸಮೇತ, 'ರಿವಾಲ್ವ್' ಎಂಬ ಹೆಸರಿನಲ್ಲಿ ಹೊರತಂದಿತು.

ಕಾರ್ಲ್‌ಸನ್ ಅವರ ಮಾಲಿಕೆಯನ್ನು ಪ್ರಕಟಿಸಿದ್ದು ಆರೆಗನ್ನಿನ ಸಿಸ್ಟರ್ಸ್ ಎಂಬ ಪುಟ್ಟ ಊರಿನಲ್ಲಿದ್ದ ಮಲ್ಟ್‌ನೋಮಾ ಸಂಸ್ಥೆ. 1997ರಲ್ಲಿ ಜೋಶುವಾ ಹ್ಯಾರಿಸ್ ಎಂಬ ತರುಣನ 'ಐ ಕಿಸ್ಡ್ ಡೇಟಿಂಗ್ ಗುಡ್‌ಬೈ' ಎಂಬ ಪುಸ್ತಕವನ್ನು ಹೊರತಂದದ್ದೂ ಇದೇ ಸಂಸ್ಥೆ. ಮದುವೆಯ ಉದ್ದೇಶವಿಲ್ಲದೆ ಹುಡುಗ ಹುಡುಗಿ ಜೊತೆಗೂಡಿ ತಿರುಗಾಡಬಾರದೆಂಬ ಆ ಪುಸ್ತಕದ ವಾದ ಒಂದು ತಲೆಮಾರಿನ ಇವ್ಯಾಂಜೆಲಿಕಲ್ ಮಕ್ಕಳ ಬಾಳನ್ನು ರೂಪಿಸಿತು. 1993ರಿಂದ ಸದರ್ನ್ ಬ್ಯಾಪ್ಟಿಸ್ಟರು ನಡೆಸಿದ 'ಟ್ರೂ ಲವ್ ವೇಟ್ಸ್' ಎಂಬ ಬ್ರಹ್ಮಚರ್ಯ ಪ್ರತಿಜ್ಞೆಯ ಆಂದೋಲನದ ಜೊತೆಗಿಟ್ಟು ನೋಡಿದಾಗ, 2000ದಲ್ಲಿ 'ಬಿಕಮಿಂಗ್ ಮಿ' ಕಾದಂಬರಿಯೊಡನೆ ಈ ದಿನಚರಿ ಮಾಲಿಕೆಯನ್ನು ಆರಂಭಿಸಿದ ಕೇಟ್ಲಿನ್ ಎಂಬ ಮೊದಲ ನಾಯಕಿ ಡೇಟಿಂಗನ್ನು ಬಿಡುವ ನಿರ್ಧಾರಕ್ಕೆ ಬರುವುದು ಯಾವ ಗಾಳಿಯಲ್ಲಿ ಎಂಬುದು ಅರ್ಥವಾಗುತ್ತದೆ. ಕೇಟ್ಲಿನ್ ವಿಧೇಯ ಹುಡುಗಿ. ಅವಳ ಗೆಳೆಯ ಜಾಶ್‌ನ ತಂಗಿ ಕ್ಲೋಯಿ ಮಿಲ್ಲರ್ ಹಾಗಲ್ಲ. ಮಾಲಿಕೆ ಅವಳ ಕೈಗೆ ಬಂದಾಗ ಅದರ ದನಿಯೇ ಬದಲಾಗುತ್ತದೆ.

ದಿನಚರಿಯ ರೂಪವನ್ನು ಆರಿಸಿಕೊಂಡದ್ದರ ಹಿಂದೆ ಎರಡು ಬೇರೆ ಬೇರೆ ಪರಂಪರೆಗಳಿವೆ. ಒಂದು ಬಹಳ ಹಳೆಯದು: ಪ್ಯೂರಿಟನ್ನರು ತಮ್ಮ ಆತ್ಮದ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳಲು ದಿನಚರಿ ಬರೆಯುತ್ತಿದ್ದರು, ಮತ್ತು ಜೊನಾಥನ್ ಎಡ್ವರ್ಡ್ಸ್ 1749ರಲ್ಲಿ ಸಂಪಾದಿಸಿ ಪ್ರಕಟಿಸಿದ ಡೇವಿಡ್ ಬ್ರೇನರ್ಡ್ ಎಂಬ ಸುವಾರ್ತಿಕನ ದಿನಚರಿಯನ್ನು ಶ್ರೀರಾಮಪುರದ ವಿಲಿಯಂ ಕ್ಯಾರಿಯವರಂಥವರು ಬಹುವಾಗಿ ಮೆಚ್ಚಿ ಓದುತ್ತಿದ್ದರು. ಇನ್ನೊಂದು ತೀರ ಇತ್ತೀಚಿನದು: 1971ರಲ್ಲಿ ಅನಾಮಿಕ ಹುಡುಗಿಯ ನಿಜವಾದ ದಿನಚರಿಯೆಂದು ಹೊರಬಂದ 'ಗೋ ಆಸ್ಕ್ ಆಲಿಸ್', ಮಾದಕ ವಸ್ತುಗಳ ಹಾದಿಯಲ್ಲಿ ನಾಶವಾಗುವ ಮಗುವಿನ ಕಥೆಯಾಗಿ ಲಕ್ಷಾಂತರ ಜನರನ್ನು ಹೆದರಿಸಿತು, ಮತ್ತು ಅದನ್ನು ಬರೆದವರು ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ವಯಸ್ಕ ಲೇಖಕಿ ಎಂಬುದು ಆಮೇಲೆ ತಿಳಿಯಿತು. ಆತ್ಮಪರೀಕ್ಷೆಯ ದಿನಚರಿಯಲ್ಲಿ ಬರೆಯುವವಳು ತನ್ನನ್ನು ತಾನೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾಳೆ. ಎಚ್ಚರಿಕೆಯ ದಿನಚರಿಯಲ್ಲಿ ದೊಡ್ಡವರೊಬ್ಬರು ಹುಡುಗಿಯ ಕೈಬರಹದ ಹಿಂದೆ ಕುಳಿತು ಪಾಠ ಹೇಳುತ್ತಾರೆ. ಕಾರ್ಲ್‌ಸನ್ ಅವರ ಕಾದಂಬರಿಗಳಲ್ಲಿ ಎರಡೂ ಬೆರೆತಿವೆ, ಮತ್ತು ಅವು ಎಲ್ಲಿ ಸತ್ತ್ವದಿಂದಿವೆ, ಎಲ್ಲಿ ಸಪ್ಪೆಯಾಗುತ್ತವೆ ಎಂಬುದು ಆ ಘಳಿಗೆಯಲ್ಲಿ ಯಾವ ಪರಂಪರೆಯ ಕೈ ಮೇಲಾಗಿದೆ ಎಂಬುದನ್ನು ಅವಲಂಬಿಸಿದೆ.

ಮೊದಲ ಪುಸ್ತಕದ ಕ್ಲೋಯಿ ಪ್ರೌಢಶಾಲೆಯ ಮೊದಲ ವರ್ಷದಲ್ಲಿದ್ದಾಳೆ. ಉಡುಪು, ಕೇಶವಿನ್ಯಾಸ ಎಲ್ಲದರಲ್ಲೂ ಇತರರ ಕಣ್ಣು ಕುಕ್ಕುವ, ಸಹಪಾಠಿಗಳೊಡನೆಯೂ ಹೆತ್ತವರೊಡನೆಯೂ ತಿಕ್ಕಾಟದಲ್ಲಿರುವ, ದೇವರಿದ್ದಾನೆಯೇ ಎಂದು ಗಟ್ಟಿಯಾಗಿಯೇ ಅನುಮಾನಿಸುವ ಹುಡುಗಿ. ಕಥೆಯ ನಡುವೆ ಅವಳಿಗೆ ನಂಬಿಕೆ ಒಲಿಯುತ್ತದೆ. ಇಲ್ಲಿ ಕಾರ್ಲ್‌ಸನ್ ತೆಗೆದುಕೊಂಡ ಒಂದು ನಿರ್ಧಾರ ಗಮನಾರ್ಹವಾದದ್ದು: ಪರಿವರ್ತನೆಯಾದ ಮೇಲೂ ಕ್ಲೋಯಿ ತನ್ನ ಬಟ್ಟೆಯನ್ನಾಗಲೀ ಗಿಟಾರನ್ನಾಗಲೀ ಬಿಡುವುದಿಲ್ಲ. ಹಳೆಯ ಸಾಕ್ಷಿಕಥನಗಳಲ್ಲಿ, ಎಂದರೆ ತಾನು ರಕ್ಷಣೆ ಹೊಂದಿದ ಬಗೆಯನ್ನು ಸಭೆಯೆದುರು ಎದ್ದು ನಿಂತು ಹೇಳುವ ನಿರೂಪಣೆಗಳಲ್ಲಿ, ಲೋಕದ ವೇಷವನ್ನು ಕಳಚುವುದು ಪರಿವರ್ತನೆಯ ಮೊದಲ ಗುರುತಾಗಿರುತ್ತಿತ್ತು. ಇಲ್ಲಿ ವೇಷ ಉಳಿಯುತ್ತದೆ, ಉದ್ದೇಶ ಬದಲಾಗುತ್ತದೆ. ಆಲಿ ಮತ್ತು ಲಾರಾ ಎಂಬ ಗೆಳತಿಯರೊಡನೆ ಅವಳು ಕಟ್ಟುವ ತಂಡದ ಹೆಸರು ರಿಡೆಂಪ್ಶನ್, ಅಂದರೆ ವಿಮೋಚನೆ. ಜೀಸಸ್ ಪೀಪಲ್ ಕಾಲದ ವಾದವನ್ನೇ ಇದು ಮೂರು ದಶಕಗಳ ಬಳಿಕ ಶಾಲಾ ಹುಡುಗಿಯೊಬ್ಬಳ ಬಾಯಲ್ಲಿ ಆಡಿಸುತ್ತದೆ.

ಎರಡನೆಯ ಕಾದಂಬರಿಯಲ್ಲಿ ತಂಡ ತನ್ನ ಊರಿನಲ್ಲಿ ಹೆಸರು ಮಾಡುತ್ತದೆ, ಮತ್ತು ನ್ಯಾಶ್‌ವಿಲ್‌ನಿಂದ ಬಂದ ಪ್ರತಿಭಾನ್ವೇಷಕರೊಬ್ಬರ ಕಣ್ಣಿಗೆ ಬೀಳುತ್ತದೆ. ಕಥೆಯ ನಿಜವಾದ ತೊಡಕು ಇಲ್ಲಿ ಆರಂಭವಾಗುತ್ತದೆ. ಮನೆ, ಶಾಲೆ, ಗೆಳೆತನ ಮೂರೂ ಕಡೆಯಿಂದ ಎಳೆತ ಹೆಚ್ಚಿದಾಗ ಕ್ಲೋಯಿ ತನ್ನ ಕನಸನ್ನು ದೇವರ ಕೈಗೆ ಒಪ್ಪಿಸುತ್ತಾಳೆ, ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ನಂಬುವ ಓದುಗಳಿಗೆ ಇದು ಸಹಜವಾದ ಕ್ರಮ. ಆದರೆ ಕಾದಂಬರಿಯ ದೃಷ್ಟಿಯಿಂದ ನೋಡಿದಾಗ ಒಂದು ಮಹತ್ವದ ಸಂಗತಿ ಇಲ್ಲಿ ಜಾರಿಹೋಗುತ್ತದೆ. ಹುಡುಗಿಗೆ ಗೆಲ್ಲುವ ಆಸೆಯಿದೆ, ಗೆಲ್ಲುವ ಶಕ್ತಿಯೂ ಇದೆ, ಆದರೆ ಗೆಲುವು ಬಂದಾಗ ಅದು ತನ್ನ ಆಸೆಯ ಫಲವೆಂದು ಅವಳು ಹೇಳಿಕೊಳ್ಳುವಂತಿಲ್ಲ. ಅದು ದೇವರ ಕರೆಯೆಂದೂ, ಹಾಡುವುದು ಸೇವೆಯೆಂದೂ ಹೇಳಿದಾಗಲೇ ಅವಳ ಮಹತ್ವಾಕಾಂಕ್ಷೆಗೆ ಈ ಪ್ರಕಾರದಲ್ಲಿ ಜಾಗ ಸಿಗುತ್ತದೆ. ದೊಡ್ಡ ಅಪೇಕ್ಷೆಗಳನ್ನು ನಾಚಿಕೆಯಿಲ್ಲದೆ ಅಪೇಕ್ಷೆಗಳೆಂದೇ ಬರೆಯುವ ಸ್ವಾತಂತ್ರ್ಯ ಈ ದಿನಚರಿಗೆ ಇಲ್ಲ. ಗಾಯಕರಾದ ಗಂಡಸರೂ ತಮ್ಮ ಕೆಲಸವನ್ನು ಸೇವೆಯೆಂದೇ ಕರೆದುಕೊಂಡರೆಂಬುದು ನಿಜ. ಆದರೆ ಹುಡುಗಿಯ ವಿಷಯದಲ್ಲಿ ಆ ಮಾತಿನ ಜೊತೆಗೆ ಕಾವಲೂ ಬರುತ್ತದೆ.

ಕಾವಲಿನ ಮಾತು ಉತ್ಪ್ರೇಕ್ಷೆಯಲ್ಲ. ದೊಡ್ಡ ಧ್ವನಿಮುದ್ರಣ ಸಂಸ್ಥೆಯೊಡನೆ ಒಪ್ಪಂದವಾದ ಮೇಲೆ, 'ರೋಡ್ ಟ್ರಿಪ್' ಕಾದಂಬರಿಯಲ್ಲಿ ಮೂವರು ಹುಡುಗಿಯರು ಐರನ್ ಕ್ರಾಸ್ ಎಂಬ ಹುಡುಗರ ತಂಡದೊಡನೆ ಊರೂರು ಸುತ್ತುವ ಸಂಗೀತ ಪ್ರವಾಸ ಕೈಗೊಳ್ಳುತ್ತಾರೆ; ಥಳಕು ಕಳೆದ ಮೇಲೆ ದಣಿವು ಕಾಣಿಸಿಕೊಳ್ಳುತ್ತದೆ, ಮತ್ತು ಮೂವರಲ್ಲಿ ಎಲ್ಲರಿಗಿಂತ ಸ್ಥಿರಳೆಂದು ಭಾವಿಸಲಾಗಿದ್ದ ಲಾರಾ ಮಾದಕ ವ್ಯಸನದ ಕಡೆಗೆ ಜಾರುತ್ತಿರುವ ಲಕ್ಷಣಗಳು ಕ್ಲೋಯಿಯ ಕಣ್ಣಿಗೆ ಬೀಳುತ್ತವೆ. ನಾಲ್ಕೂ ಪುಸ್ತಕಗಳಲ್ಲಿ ಅತ್ಯಂತ ಒಳ್ಳೆಯದೆನ್ನಿಸುವ ಭಾಗ ಇದು. ಬಂಡಾಯಗಾರ್ತಿ ನೆಟ್ಟಗಿದ್ದು ಭಕ್ತೆಯೇ ಎಡವುವಂತೆ ಮಾಡಿದ ಈ ಆಯ್ಕೆಯಿಂದಾಗಿ, ಭಕ್ತಿ ಬೆಳಕೂ ಬಂಡಾಯ ಕತ್ತಲೂ ಆಗಿರುವ ಸುಲಭ ಲೆಕ್ಕ ತಪ್ಪುತ್ತದೆ. ಗೆಳತಿಯನ್ನು ಹೇಗೆ ಕೇಳುವುದು, ಕೇಳದಿದ್ದರೆ ಏನಾದೀತು ಎಂಬ ತಳಮಳವನ್ನು ದಿನಚರಿಯ ರೂಪ ಚೆನ್ನಾಗಿ ಹಿಡಿಯಬಲ್ಲದು, ಏಕೆಂದರೆ ಬರೆಯುವವಳಿಗೂ ಮರುದಿನ ಏನಾಗುವುದೆಂದು ತಿಳಿದಿರುವುದಿಲ್ಲ. ಇಂಥ ಕಡೆ ಪ್ಯೂರಿಟನ್ ದಿನಚರಿಯ ಹಳೆಯ ಪ್ರಾಮಾಣಿಕತೆ ಪಾಠದ ದನಿಯನ್ನು ಹಿಂದೆ ಸರಿಸುತ್ತದೆ. ನಾಲ್ಕನೆಯ ಕಾದಂಬರಿಯಲ್ಲಿ ತಂಡ ಮಾರಾಟದ ಪಟ್ಟಿಯನ್ನೇರಿದೆ, ಕ್ಲೋಯಿ ಇನ್ನೊಂದು ತಂಡದ ನಾಯಕನ ಮೇಲಿನ ಮೋಹದಿಂದ ಹೊರಬರಲು ಒದ್ದಾಡುತ್ತಿದ್ದಾಳೆ, ಆಗ ಪ್ರವಾಸದ ಮೇಲ್ವಿಚಾರಕಿಯಾಗಿ, ಎಳೆಯರ ನಡತೆಯ ಹೊಣೆ ಹೊತ್ತು ಜೊತೆಗಿರುವ ಹಿರಿಯಳಾಗಿ, ಬಂದು ಸೇರುವವಳು ಬೇರಾರೂ ಅಲ್ಲ, ಹಿಂದಿನ ಘಟ್ಟದ ಆ ವಿಧೇಯ ನಾಯಕಿ ಕೇಟ್ಲಿನ್. ಕಥಾಸಂವಿಧಾನದ ಮಟ್ಟಿಗೆ ಇದು ಎರಡು ಘಟ್ಟಗಳನ್ನು ಜೋಡಿಸುವ ಜಾಣತನ. ಅಂಗಡಿಯಲ್ಲಿ ಪುಸ್ತಕ ಕೊಳ್ಳುವ ತಾಯಿಗೂ ಇದು ಸಮಾಧಾನ ತರುವಂಥದ್ದು.

ಕಾದಂಬರಿಯ ಹುಡುಗಿಯರ ಪಕ್ಕದಲ್ಲಿ ಅದೇ ಕಾಲದ ನಿಜವಾದ ಹುಡುಗಿಯರನ್ನಿಟ್ಟು ನೋಡಿದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಕ್ಯಾಲಿಫೋರ್ನಿಯಾದ ಪೆಂಟೆಕೋಸ್ಟಲ್ ಪಾಸ್ಟರ್ ದಂಪತಿಯ ಮಗಳು ಕೇಟಿ ಹಡ್ಸನ್ ಗಿಟಾರು ಕಲಿತು, ನ್ಯಾಶ್‌ವಿಲ್‌ನಲ್ಲಿ ಗೀತರಚನೆಯ ತರಬೇತಿ ಪಡೆದು, 2001ರಲ್ಲಿ, ಇನ್ನೂ 16ರ ವಯಸ್ಸಿನಲ್ಲಿ, ತನ್ನ ಹೆಸರಿನಲ್ಲೇ ಕ್ರೈಸ್ತ ರಾಕ್ ಧ್ವನಿಮುದ್ರಿಕೆಯೊಂದನ್ನು ತಂದಳು. ಕ್ಲೋಯಿಯ ಕಥೆಗೆ ಇದಕ್ಕಿಂತ ಹತ್ತಿರದ ಬಾಳು ಇರಲಾರದು. ಆ ಧ್ವನಿಮುದ್ರಿಕೆ ಮಾರಾಟವಾಗಲಿಲ್ಲ, ಅದನ್ನು ಹೊರತಂದ ಸಂಸ್ಥೆಯೂ ಅದೇ ವರ್ಷದ ಕೊನೆಗೆ ಮುಚ್ಚಿಹೋಯಿತು, ಮತ್ತು 2008ರಲ್ಲಿ ಕೇಟಿ ಪೆರಿ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾದ ಗಾಯಕಿಯ ಹಾಡುಗಳಿಗೆ ಸಿಬಿಎ ಅಂಗಡಿಗಳಲ್ಲಿ ಜಾಗವಿರಲಿಲ್ಲ. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಲೆಸ್ಲಿ ಫಿಲಿಪ್ಸ್ ಎಂಬ ಪ್ರತಿಭಾವಂತೆ ಕ್ರೈಸ್ತ ರಾಕ್ ಲೋಕದಲ್ಲಿ ಮೇಲೇರುತ್ತಿದ್ದಾಗಲೇ ತನ್ನ ಮೇಲೆ ಹೊರಿಸಿದ ಅಚ್ಚುಕಟ್ಟು ಚಿತ್ರದಿಂದ ಬೇಸತ್ತು, 1987ರ 'ದಿ ಟರ್ನಿಂಗ್' ಧ್ವನಿಮುದ್ರಿಕೆಯ ನಂತರ ಆ ಮಾರುಕಟ್ಟೆಯನ್ನೇ ಬಿಟ್ಟು, ಸ್ಯಾಮ್ ಫಿಲಿಪ್ಸ್ ಎಂಬ ಹೆಸರಿನಲ್ಲಿ ಬೇರೆಯೇ ಶ್ರೋತೃಗಳನ್ನು ಕಂಡುಕೊಂಡರು. ಬಾಗಿಲು ತೆರೆಯುವ ಕಥೆಗಳನ್ನು ಕಾದಂಬರಿ ಹೇಳಿತು. ಬಾಗಿಲು ಮುಚ್ಚಿಕೊಂಡ ಅಥವಾ ಹುಡುಗಿಯೇ ಬಾಗಿಲೆಳೆದುಕೊಂಡು ಹೋದ ಕಥೆಗಳು ಅದರ ಕೈಗೆ ಸಿಗಲಿಲ್ಲ.

ಯಶಸ್ಸಿನ ಕಥೆಗಳೂ ಇದ್ದವು. ಇಲಿನಾಯ್ ರಾಜ್ಯದ ಎಲ್ಜಿನ್ ಊರಿನ ಮೂವರು ಅಕ್ಕತಂಗಿಯರ ಬಾರ್ಲೋಗರ್ಲ್ ತಂಡ 2004ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ತಂದಾಗ, ರಿಡೆಂಪ್ಶನ್ ತಂಡ ಪುಸ್ತಕದಿಂದೆದ್ದು ಬಂದಂತೆಯೇ ಇತ್ತು: ಗಿಟಾರು, ಬಾಸ್, ಡ್ರಮ್ ಮೂರನ್ನೂ ಹುಡುಗಿಯರೇ ನುಡಿಸುತ್ತಿದ್ದರು, ಸಂಗೀತ ಬಿರುಸಾಗಿತ್ತು, ಮತ್ತು ಡೇಟಿಂಗ್ ಮಾಡುವುದಿಲ್ಲವೆಂಬ ತಮ್ಮ ನಿಲುವನ್ನು ಅವರು ವೇದಿಕೆಯ ಮೇಲಿಂದಲೇ ಸಾರುತ್ತಿದ್ದರು. ವಿದ್ಯುತ್ ಗಿಟಾರಿನ ಸ್ವಾತಂತ್ರ್ಯವೂ ಬ್ರಹ್ಮಚರ್ಯ ಪ್ರತಿಜ್ಞೆಯ ಉಂಗುರವೂ ಒಟ್ಟೊಟ್ಟಿಗೇ ಬರುತ್ತಿದ್ದ ಈ ಏರ್ಪಾಡನ್ನು ಕೇವಲ ದಬ್ಬಾಳಿಕೆಯೆಂದು ತಳ್ಳಿಹಾಕುವುದು ಸರಿಯಾಗದು, ಏಕೆಂದರೆ ಹುಡುಗಿಯರು ಅದರಲ್ಲಿ ಹಾಡಿನ ಹಕ್ಕನ್ನು ನಿಜವಾಗಿಯೂ ಪಡೆದರು. ಆದರೆ ಅವರ ಹಾಡಿನಷ್ಟೇ ಅವರ ಕನ್ಯತ್ವವೂ ಮಾರಾಟದ ಭಾಗವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಗಂಡುತಂಡಗಳನ್ನು ಯಾರೂ ಅಷ್ಟು ಒತ್ತಾಯದಿಂದ ಈ ಬಗ್ಗೆ ಕೇಳಲಿಲ್ಲ.

ಕ್ರೈಸ್ತ ಮಾರುಕಟ್ಟೆಯ ಗಡಿ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಕ್ಲೋಯಿಯ ಮೊದಲ ಪುಸ್ತಕ ಹೊರಬಂದ 2003ರಲ್ಲೇ ಒಂದು ನಿದರ್ಶನ ದೊರೆಯಿತು. ಅರ್ಕಾನ್ಸಾದ ಕ್ರೈಸ್ತ ಯುವಶಿಬಿರವೊಂದರಲ್ಲಿ ಪರಿಚಯವಾದ ಏಮಿ ಲೀ ಮತ್ತು ಬೆನ್ ಮೂಡಿ ಕಟ್ಟಿದ ಇವನೆಸೆನ್ಸ್ ತಂಡದ 'ಫಾಲನ್' ಧ್ವನಿಮುದ್ರಿಕೆ ಆ ವರ್ಷದ ಮಾರ್ಚಿನಲ್ಲಿ ಹೊರಬಂದು ಕ್ರೈಸ್ತ ಅಂಗಡಿಗಳಲ್ಲೂ ಭರದಿಂದ ಮಾರಾಟವಾಗುತ್ತಿತ್ತು. ತಮ್ಮದು ಕ್ರೈಸ್ತ ತಂಡವೆಂದು ಕರೆಸಿಕೊಳ್ಳಲು ಇಷ್ಟವಿಲ್ಲವೆಂದು ತಂಡದವರು ಪತ್ರಿಕಾ ಸಂದರ್ಶನದಲ್ಲಿ ಬಿರುನುಡಿಯಲ್ಲಿ ಹೇಳಿದ ಮೇಲೆ, ಅವರ ಧ್ವನಿಮುದ್ರಣ ಸಂಸ್ಥೆಯೇ ಏಪ್ರಿಲ್‌ನಲ್ಲಿ ಆ ಅಂಗಡಿಗಳಿಗೆ ಪತ್ರ ಬರೆದು ಪ್ರತಿಗಳನ್ನು ಹಿಂದೆ ತೆಗೆಯುವಂತೆ ಕೇಳಿಕೊಂಡಿತು. ಕ್ರಾಸ್‌ಓವರ್ ಎಂದು ಕರೆಯುವ ದಾಟುವಿಕೆಗೆ, ಎಂದರೆ ಭಕ್ತಸಮುದಾಯದ ಶ್ರೋತೃಗಳಿಂದ ಸಾಮಾನ್ಯ ಶ್ರೋತೃಗಳ ಕಡೆಗೆ ಹೋಗುವುದಕ್ಕೆ, 1991ರಲ್ಲಿ ಏಮಿ ಗ್ರಾಂಟ್ 'ಬೇಬಿ ಬೇಬಿ' ಹಾಡಿನಿಂದ ದೇಶದ ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗಲೂ ಗೊಣಗಾಟ ಎದ್ದಿತ್ತು. ನಂತರ ಬಂದ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ಕ್ರೈಸ್ತ ರೇಡಿಯೋ ಜಾಲಗಳು ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ, ಮೂವತ್ತು ನಲವತ್ತರ ನಡುವಿನ ಗೃಹಿಣಿಯೊಬ್ಬಳನ್ನು ತಮ್ಮ ಆದರ್ಶ ಕೇಳುಗಳೆಂದು ಕಲ್ಪಿಸಿಕೊಂಡು, ಉದ್ಯಮದೊಳಗಿನ ಆಡುಮಾತಿನಲ್ಲಿ ಅವಳಿಗೆ ಬೆಕಿ ಎಂದು ಹೆಸರಿಟ್ಟು, ಅವಳಿಗೆ ಹಿತವಾಗುವ ಹಾಡುಗಳನ್ನೇ ಆರಿಸತೊಡಗಿದವು. ಬಿರುಸಾದ ಗಿಟಾರು ಹಿಂದೆ ಸರಿದು ಆರಾಧನಾ ಗೀತೆಗಳು ಮುಂದೆ ಬಂದವು. ಹುಡುಗಿಯರ ರಾಕ್ ತಂಡಕ್ಕೆ ಜಾಗವಿಲ್ಲದಂತೆ ಮಾಡಿದ್ದು ಇಲ್ಲಿ ಪ್ರಸಂಗಿಗಳ ಖಂಡನೆಗಿಂತ ಹೆಚ್ಚಾಗಿ ಈ ಲೆಕ್ಕಾಚಾರವೇ.

ಕಾರ್ಲ್‌ಸನ್ ಬರೆಯುತ್ತಿದ್ದ ವಾಯವ್ಯ ಅಮೆರಿಕದಲ್ಲಿ ಹುಡುಗಿಯರ ರಾಕ್ ಸಂಗೀತದ ಇನ್ನೊಂದು ಪರಂಪರೆಯೂ ಜೀವಂತವಾಗಿತ್ತು. ನೆರೆಯ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ನಗರ 1990ರ ದಶಕದ ಆರಂಭದಲ್ಲಿ ರಯಟ್ ಗರ್ಲ್ ಎಂಬ ಸ್ತ್ರೀವಾದಿ ಸಂಗೀತ ಚಳವಳಿಯ ತವರಾಗಿತ್ತು, ಮತ್ತು 2001ರಲ್ಲಿ ಆರೆಗನ್ನಿನ ಪೋರ್ಟ್‌ಲ್ಯಾಂಡ್ ನಗರದಲ್ಲಿ ಹುಡುಗಿಯರಿಗೆ ವಾದ್ಯ ಕಲಿಸಿ ತಂಡ ಕಟ್ಟಿಸುವ ರಾಕ್ ಶಿಬಿರ ಆರಂಭವಾಯಿತು. ಅಲ್ಲಿಯ ಹುಡುಗಿಯರಿಗೂ ಕ್ಲೋಯಿಗೂ ಕೈಯಲ್ಲಿದ್ದ ವಾದ್ಯ ಒಂದೇ, ಸಿಟ್ಟೂ ಬಹುಮಟ್ಟಿಗೆ ಒಂದೇ. ಆದರೂ ಇವೆರಡು ಲೋಕಗಳು ಪರಸ್ಪರ ಮಾತಾಡಿದ ಗುರುತು ಈ ಪುಸ್ತಕಗಳಲ್ಲಿ ಕಾಣುವುದಿಲ್ಲ. ಹಾಗೆಂದು ಲೌಕಿಕ ಲೋಕ ಹುಡುಗಿಯರಿಗೆ ಸುರಕ್ಷಿತವಾಗಿತ್ತೆಂದೂ ಹೇಳಲಾಗದು: 1975ರಲ್ಲಿ ಲಾಸ್ ಏಂಜಲೀಸಿನಲ್ಲಿ ಹದಿಹರೆಯದ ಹುಡುಗಿಯರನ್ನೇ ಸೇರಿಸಿ ಕಟ್ಟಿದ ದಿ ರನವೇಸ್ ತಂಡದ ಚರಿತ್ರೆ ಶೋಷಣೆಯ ಆರೋಪಗಳಿಂದ ತುಂಬಿದೆ, ಮತ್ತು ಮೇಲ್ವಿಚಾರಕಿಯೊಬ್ಬಳು ಜೊತೆಗಿರಬೇಕೆಂಬ ಕಾರ್ಲ್‌ಸನ್ ಅವರ ಏರ್ಪಾಡನ್ನು ಆ ಹಿನ್ನೆಲೆಯಲ್ಲಿ ನೋಡಿದಾಗ ಅದು ಬರೀ ಸಂಪ್ರದಾಯದ ಅಂಜಿಕೆಯಾಗಿ ಉಳಿಯುವುದಿಲ್ಲ.

ಮಲ್ಟ್‌ನೋಮಾ ಸಂಸ್ಥೆ 2006ರಲ್ಲಿ ರ್‍ಯಾಂಡಮ್ ಹೌಸ್‌ನ ವಶಕ್ಕೆ ಹೋಯಿತು. ಫ್ಯಾಮಿಲಿ ಕ್ರಿಶ್ಚಿಯನ್ ಅಂಗಡಿಗಳ ಸರಣಿ 2017ರಲ್ಲಿ, ಲೈಫ್‌ವೇ ಅಂಗಡಿಗಳು 2019ರಲ್ಲಿ ಮುಚ್ಚಿದವು. ಅವುಗಳೊಡನೆ ಈ ಪುಸ್ತಕಗಳು ಹುಡುಗಿಯರ ಕೈ ಸೇರುತ್ತಿದ್ದ ಮುಖ್ಯ ಹಾದಿಯೂ ಸವೆಯಿತು. ಜೋಶುವಾ ಹ್ಯಾರಿಸ್ 2018ರಲ್ಲಿ ತಮ್ಮ ಪುಸ್ತಕದಿಂದಾದ ಹಾನಿಗೆ ಕ್ಷಮೆ ಕೋರಿ, ಅದರ ಮುದ್ರಣವನ್ನೇ ನಿಲ್ಲಿಸುವಂತೆ ಮಾಡಿದರು. ಕಾರ್ಲ್‌ಸನ್ ಅವರ ಮಾಲಿಕೆಯಾದರೋ 2005ರ ಹೊತ್ತಿಗಾಗಲೇ ಕ್ಲೋಯಿಯನ್ನು ಬಿಟ್ಟು, ಪತ್ರಿಕೆಯಲ್ಲಿ ಗುಟ್ಟಾಗಿ ಸಲಹೆಯ ಅಂಕಣ ಬರೆಯುವ ಕಿಮ್ ಎಂಬ ಹುಡುಗಿಯ ಕಡೆಗೆ ಹೊರಳಿತ್ತು. ಹೀಗೆ ಪ್ರತಿ ನಾಯಕಿಯೂ ಹದಿಹರೆಯ ದಾಟುವ ಹೊತ್ತಿಗೆ ಮಾಲಿಕೆ ಮುಂದಿನವಳನ್ನು ಹುಡುಕುವುದರಿಂದ, ವೇದಿಕೆಯೇರಿದ ಹುಡುಗಿ 25 ಅಥವಾ 30ರ ವಯಸ್ಸಿನಲ್ಲಿ ತನ್ನ ಹಾಡನ್ನೂ ನಂಬಿಕೆಯನ್ನೂ ಏನು ಮಾಡಿಕೊಂಡಳು ಎಂಬ ಪ್ರಶ್ನೆ ಈ ಪ್ರಕಾರದೊಳಗೆ ಏಳುವುದೇ ಇಲ್ಲ.

ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಆತ್ಮಕಥನಗಳು. 2014ರಲ್ಲಿ ಎರಡು ಹೊರಬಂದವು. ಫ್ಲೈಲೀಫ್ ತಂಡದ ಗಾಯಕಿಯಾಗಿದ್ದು 2012ರಲ್ಲಿ ತಂಡ ಬಿಟ್ಟ ಲೇಸಿ ಸ್ಟರ್ಮ್ ತಮ್ಮ 'ದಿ ರೀಸನ್' ಪುಸ್ತಕದಲ್ಲಿ, ನಾಸ್ತಿಕಳಾಗಿ ಸಾಯಲು ನಿರ್ಧರಿಸಿದ್ದ ಹದಿಹರೆಯದ ತಾನು ಅದೇ ದಿನ ಅಜ್ಜಿಯ ಒತ್ತಾಯಕ್ಕೆ ಚರ್ಚಿಗೆ ಹೋಗಿ ಬದುಕಿಕೊಂಡ ಬಗೆಯನ್ನು ಬರೆದರು. ಕ್ಲೋಯಿಯ ಮೊದಲ ದಿನಚರಿಯನ್ನು ಓದಿದವರಿಗೆ ಅದರ ಜಾಡು ಪರಿಚಿತವೆನ್ನಿಸುತ್ತದೆ. ಜೆನಿಫರ್ ನ್ಯಾಪ್ ಬರೆದದ್ದು ಬೇರೆ. 1998ರ 'ಕಾನ್ಸಾಸ್' ಧ್ವನಿಮುದ್ರಿಕೆಯಿಂದ ಕ್ರೈಸ್ತ ಸಂಗೀತದ ತಾರೆಯಾಗಿ, 2002ರಲ್ಲಿ ಯಾರಿಗೂ ಕಾರಣ ತಿಳಿಯದಂತೆ ಹಾಡು ನಿಲ್ಲಿಸಿ, 2010ರಲ್ಲಿ ತಾನು ಹೆಣ್ಣನ್ನು ಪ್ರೀತಿಸುವವಳೆಂದು ಬಹಿರಂಗವಾಗಿ ಹೇಳಿ ಹಾಡಿಗೆ ಮರಳಿದ ಅವರು, ತಮ್ಮ ಕಥೆಯನ್ನು 'ಫೇಸಿಂಗ್ ದಿ ಮ್ಯೂಸಿಕ್' ಎಂದು ಕರೆದರು. ಅವರು ನಂಬಿಕೆಯನ್ನು ಬಿಡಲಿಲ್ಲ. ಇನ್‌ಸೈಡ್ ಔಟ್ ಫೇತ್ ಎಂಬ ಸಂಸ್ಥೆಯನ್ನು ಕಟ್ಟಿ, ತಮ್ಮಂಥವರಿಗೆ ಸಭೆಯಲ್ಲಿ ಜಾಗವಿರಬೇಕೆಂದು ಚರ್ಚುಗಳಲ್ಲೇ ನಿಂತು ಮಾತಾಡಿದರು, ಹಾಡಿದರು. ನ್ಯಾಪ್ ಅವರ ಬಾಳಿನ ಮೊದಲರ್ಧವನ್ನು ಕ್ಲೋಯಿಯ ಕಾದಂಬರಿಗಳು ಸಲೀಸಾಗಿ ಒಳಗೊಳ್ಳುತ್ತಿದ್ದವು. ಎರಡನೆಯ ಅರ್ಧವನ್ನು ಬರೆದಿದ್ದರೆ ಆ ಪುಸ್ತಕ ಸಿಬಿಎ ಅಂಗಡಿಯ ಕಪಾಟಿನಲ್ಲಿ ಉಳಿಯುತ್ತಿರಲಿಲ್ಲ.